ಕಾರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ

“ಎಲ್ಲೋ ಒಂದು ಮೊಟ್ಟೆ ಒಡೆದು ಕೂತಿದೆ ಕಣೇ!” ಎಂದು ನಮ್ಮ ಯಜಮಾನರು ಕಾರಿನ ಹಿಂದಿನ ಸೀಟನ್ನೇ ಕಿತ್ತು ಅಂಗಳಕ್ಕೆ ಹಾಕಿದ್ದರು. ಅವರದು ಮೊಟ್ಟೆ ವ್ಯಾಪಾರ. ಹಳೆಯ ಕಾರಿನಲ್ಲೇ ಟ್ರೇ ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುತ್ತಾರೆ. ವಾಸನೆ ಬಂದಾಗಲೆಲ್ಲ ತೊಳೆಯುವುದು, ಉಜ್ಜುವುದು. ನನಗಂತೂ ಸಾಕುಸಾಕಾಗಿತ್ತು.

ವಾಸನೆ ಹಾಳಾಗಲಿ, ಕಾರು ಏರು ಹತ್ತುತ್ತಲೇ ಇರಲಿಲ್ಲ. ಪೆಟ್ರೋಲು ಮಾತ್ರ ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಸ್ಟೇರಿಂಗ್ ಹಿಂದೆ ಇಂಜಿನ್ನಿನ ಹಳದಿ ದೀಪ ಉರಿಯುತ್ತಲೇ ಇತ್ತು. ಮಗಳಿಗೆ ದಿನ ತುಂಬಿದೆ, ಹೆರಿಗೆ ಆಸ್ಪತ್ರೆ ಇರುವುದು ಗುಡ್ಡದ ಮೇಲೆ. ನನ್ನ ಜೀವ ಬಾಯಿಗೆ ಬಂದಿತ್ತು.

ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ತಂಗಿಯನ್ನು ಕರೆಸಿದೆ.

“ಭಾವ, ಕಾರಲ್ಲಿ ಈಗ ಒಂದಾದ್ರೂ ಮೊಟ್ಟೆ ಇದ್ಯಾ?” ಎಂದು ಕೇಳಿದಳು.

“ಸೀಟೇ ಇಲ್ಲ, ಮೊಟ್ಟೆ ಎಲ್ಲಿಂದ ಬರ್ಬೇಕಮ್ಮ!”

“ಹಾಗಾದ್ರೆ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಕಡೆ ಬನ್ನಿ.”

ಬಂದರು, ಮೂಗು ಮುಚ್ಚಿಕೊಂಡರು. ಅಯ್ಯೋ, ಪಾಪದ ಮೊಟ್ಟೆಗಳ ಮೇಲೆ ಇಷ್ಟು ದಿನ ಗೂಬೆ ಕೂರಿಸಿದ್ದರು!

“ಹೊಗೆ ಹೋಗೋ ದಾರೀಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇದೆ. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ತೂತು. ವಿಷದ ಹೊಗೇನ ಶುದ್ಧ ಮಾಡೋದು ಅದೇ. ಅದು ಕೆಟ್ರೆ ಪೆಟ್ರೋಲಲ್ಲಿರೋ ಗಂಧಕ ಹೀಗೆ ಕೊಳೆತ ಮೊಟ್ಟೆ ಥರ ನಾರುತ್ತೆ. ಅದು ಕಟ್ಕೊಂಡ್ರೆ ಇಂಜಿನ್‌ಗೆ ಉಸಿರು ಬಿಡೋಕಾಗಲ್ಲ. ಎಳೆಯೋ ಶಕ್ತಿ ಹೋಗುತ್ತೆ, ಕಾದು ಕಾದು ಕೊನೆಗೆ ಇಂಜಿನ್ನೇ ಕೆಡುತ್ತೆ.”

“ಓಡ್ತಾ ಇದ್ಯಲ್ಲಮ್ಮ, ಇನ್ನೂ ಸ್ವಲ್ಪ ದಿನ ತಳ್ಳೋಣ.”

“ಏರಿನ ಮಧ್ಯೆ ನಿಂತ್ರೆ ಮಗಳನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀರಾ?” ಎಂದು ನಾನೇ ಬಾಯಿ ಹಾಕಿದೆ.

ಯಜಮಾನರು ತಲೆ ಕೆರೆದುಕೊಂಡರು. “ಹಾಗಾದ್ರೆ ಆ ಡಬ್ಬಿ ಕಿತ್ತು ಬರೀ ಪೈಪ್ ಹಾಕಿಬಿಡು.”

“ಆಗ ವಿಷದ ಹೊಗೆ ಸೀದಾ ಬೀದಿಗೆ. ಅದನ್ನ ಉಸಿರಾಡೋದು ನಿಮ್ಮ ಮೊಮ್ಮಗುನೇ!”

ಅವರು ಸೀಟು ಜೋಡಿಸತೊಡಗಿದರು.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಮೂಲ ಸಿಕ್ಕಿತು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಒಂದು ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು. ಸುಡದೆ ಉಳಿದ ಪೆಟ್ರೋಲು ಡಬ್ಬಿಯೊಳಗೆ ಹೋಗಿ ಉರಿದು, ಆ ಬಿಸಿಗೆ ಗೂಡು ಕರಗಿ ಮುಚ್ಚಿಹೋಗಿತ್ತು. “ಪ್ಲಗ್ ಹಾಗೇ ಬಿಟ್ರೆ ಹೊಸ ಡಬ್ಬೀನೂ ಹಾಳು,” ಎಂದು ತಂಗಿ ಎರಡನ್ನೂ ಬದಲಾಯಿಸಿದಳು.

ಮರುದಿನ ಮಧ್ಯಾಹ್ನವೇ ಮಗಳಿಗೆ ನೋವು! ಅಬ್ಬಾ, ಆ ಏರನ್ನು ಕಾರು ಹೇಗೆ ಹತ್ತಿತು ಅಂತೀರಿ! ಒಮ್ಮೆಯೂ ಮುಗ್ಗರಿಸಲಿಲ್ಲ. “ಇನ್ನು ಸ್ವಲ್ಪ ತಡ ಆಗಿದ್ರೂ ದಾರೀಲೇ ಹೆರಿಗೆ ಆಗ್ತಿತ್ತು,” ಎಂದರು ಡಾಕ್ಟರಮ್ಮ. ಮೊಮ್ಮಗಳ ಅಳು ಕೇಳಿಸಿದಾಗ ಯಜಮಾನರು ನನ್ನ ಕೈ ಹಿಡಿದುಕೊಂಡು ತಾವೂ ಅತ್ತುಬಿಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರೂ ಹೀಗೆ ನಾರುತ್ತಿದೆಯೇ? ಏರಿನಲ್ಲಿ ಏದುಸಿರು ಬಿಡುತ್ತಿದೆಯೇ? ಇಂಜಿನ್ ದೀಪ ಆರುತ್ತಿಲ್ಲವೇ? ಇವತ್ತೇ ಗ್ಯಾರೇಜಿಗೆ ಒಯ್ಯಿರಿ. ದೀಪ ಮಿಟುಕುತ್ತಿದ್ದರಂತೂ ಬದಿಗೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಮನೆಯವರಿಗೆ ಆ ಕಾರು ಯಾವ ಹೊತ್ತಿನಲ್ಲಿ ಬೇಕಾಗುತ್ತದೋ, ಯಾರು ಬಲ್ಲರು?