ವಕೀಲ ಫೆರಿಯಾನಿಯ ಎಡಗಾಲು

ಸಾವಿರದ ಒಂಬೈನೂರ ಐವತ್ತೇಳರ ಮಾರ್ಚಿನಲ್ಲಿ ನಮ್ಮ ಬೂಟಿನ ಅಂಗಡಿಯ ಅಮಿಲ್ಕಾರೆ ಮೇಸ್ತ್ರಿ ಟ್ರಾಮಿನಿಂದ ಇಳಿಯುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಬೊಲೋನ್ಯಾದಲ್ಲಿ ಬೂಟು ಹೊಲಿಯುವವರಿಗೇನೂ ಬರವಿರಲಿಲ್ಲ. ಆದರೆ ವಕೀಲ ಫೆರಿಯಾನಿಯವರ ಕಾಲನ್ನು ಮೇಸ್ತ್ರಿ ಬೇರೆ ಯಾರ ಕೈಗೂ ಕೊಟ್ಟವರಲ್ಲ.

ಫೆರಿಯಾನಿಯವರಿಗೆ ಸಕ್ಕರೆ ಕಾಯಿಲೆ. ಎಡಪಾದ ಪೂರ್ತಿ ಜೋಮು ಹಿಡಿದಿತ್ತು, ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಬೂಟು ಉಜ್ಜಿ ಹುಣ್ಣಾಗಿ ಕಿರುಬೆರಳು ಹೋಯಿತು. ಇನ್ನೊಂದು ಹುಣ್ಣಾದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇಟ್ಟಿಗೆ ಭಟ್ಟಿ ಕುಸಿದು ಸತ್ತ ಏಳು ಜನ ಕೂಲಿಗಳ ಹೆಂಡಂದಿರ ಪರವಾಗಿ ಫೆರಿಯಾನಿ ಹೂಡಿದ್ದ ಮೊಕದ್ದಮೆ ಮುಂದಿನ ಸೋಮವಾರ ಕೋರ್ಟಿಗೆ ಬರುವುದಿತ್ತು. ಕೂತು ವಾದ ಮಾಡಿ ಎಂದರೆ ಅವರು ಒಪ್ಪುವ ಆಸಾಮಿಯಲ್ಲ. ಬೆರಳು ಹೋದ ಮೇಲೆ ಹಳೆಯ ಬೂಟು ಕಾಲಿಗೆ ಕೂಡುತ್ತಿರಲಿಲ್ಲ. ಬದಲಾದ ಪಾದದ ಅಳತೆಗೆ ಹೊಸ ಮರದ ಅಚ್ಚನ್ನು ಮೇಸ್ತ್ರಿ ಕೆತ್ತಿ ಮುಗಿಸಿದ್ದರು, ಅಷ್ಟರಲ್ಲಿ ಬಿದ್ದರು.

ಉಳಿದವರು ನಾವಿಬ್ಬರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಮೇಲ್ಚರ್ಮ ಹೊಲಿಯುತ್ತಿದ್ದ ನಾನು, ಎರ್ಮಿನಿಯಾ. ಇನ್ನೊಬ್ಬ ಗಾಷ್ಪಾರ್. ಹಿಂದಿನ ನವೆಂಬರಿನಲ್ಲಿ ಅಲ್ಲಿಯ ದಂಗೆಯನ್ನು ಟ್ಯಾಂಕು ನುಗ್ಗಿಸಿ ಅಡಗಿಸಿದಾಗ ಬುಡಾಪೆಸ್ಟ್ ಬಿಟ್ಟು ಹಿಮದಲ್ಲಿ ಗಡಿ ದಾಟಿ ಬಂದವನು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅವನ ಊರಿನ ಪದ್ಧತಿಯೇ ಬೇರೆ. ದಪ್ಪ ಒಳ ಅಟ್ಟೆ, ಅದರ ಸುತ್ತ ಚರ್ಮದ ಪಟ್ಟಿ ಕೊಟ್ಟು ಕೈಹೊಲಿಗೆ, ನಡುವೆ ಬೆಂಡು, ಕೆಳಗೆ ಮತ್ತೊಂದು ಅಟ್ಟೆ. ನೀರು ನುಗ್ಗುವುದಿಲ್ಲ, ಇಪ್ಪತ್ತು ವರ್ಷ ಬಾಳುತ್ತದೆ. ನಮ್ಮದು ಹಾಗಲ್ಲ. ಒಳಚರ್ಮವನ್ನು ಮುಂಗಾಲಿಗೆ ಚೀಲದ ಹಾಗೆ ಸುತ್ತಲೂ ಮುಚ್ಚಿ ಹೊಲಿಯುತ್ತೇವೆ. ಬೆರಳುಗಳ ಕೆಳಗೆ ಗಟ್ಟಿ ಅಟ್ಟೆಯೇ ಇರುವುದಿಲ್ಲ. ಆ ಚೀಲಕ್ಕೇ ಹೊರಗಿನ ತೆಳು ಅಟ್ಟೆಯನ್ನು ನೇರ ಹೊಲಿದುಬಿಡುತ್ತೇವೆ. ಬೂಟು ಕೈಗವಸಿನ ಹಾಗೆ ಕಾಲನ್ನು ಅಪ್ಪುತ್ತದೆ. ಮಳೆಯಲ್ಲಿ ಮಾತ್ರ ನೆನೆಯುತ್ತದೆ, ಬೇಗ ಸವೆಯುತ್ತದೆ.

"ಇದು ಬೂಟಲ್ಲ ಅಕ್ಕ, ಅಟ್ಟೆ ಅಂಟಿಸಿದ ಕಾಲುಚೀಲ" ಎಂದು ಗಾಷ್ಪಾರ್ ಆಗಾಗ ಕಿಚಾಯಿಸುತ್ತಿದ್ದ. ನಾನು ಅವನ ಬೂಟನ್ನು ಕುದುರೆಯ ಲಾಳ ಎನ್ನುತ್ತಿದ್ದೆ.

ಆ ವಾರ ನಾನು ನೆಗಡಿ ಜ್ವರದಿಂದ ಎರಡು ದಿನ ಮನೆಯಲ್ಲಿ ಮಲಗಿದೆ. ಗುರುವಾರ ಬಂದು ನೋಡಿದರೆ ವಕೀಲರ ಬೂಟು ಸಿದ್ಧವಾಗಿ ಕೂತಿತ್ತು, ಗಾಷ್ಪಾರನ ಪದ್ಧತಿಯಲ್ಲಿ. ನೋಡಲು ಅದೆಷ್ಟು ಚೆಂದ! ಅಟ್ಟೆಯನ್ನು ಬಗ್ಗಿಸಿ ನೋಡಿದೆ, ಬಗ್ಗಲಿಲ್ಲ. ಏನಾದರೂ ಹೇಳುವಷ್ಟರಲ್ಲಿ ಫೆರಿಯಾನಿಯವರೇ ಬಂದರು, ಹಿಂದೆಯೇ ಕೈಯನ್ನು ಕೊರಳಿಗೆ ಕಟ್ಟಿಕೊಂಡ ಮೇಸ್ತ್ರಿ.

ವಕೀಲರು ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. ಇಷ್ಟು ಭದ್ರವಾಗಿ ನಿಂತು ಎಷ್ಟೋ ಕಾಲವಾಯಿತು ಎಂದರು. ಗಾಷ್ಪಾರನ ಮುಖ ಅರಳಿತು. ಮೇಸ್ತ್ರಿ ಮಾತ್ರ ನಗಲಿಲ್ಲ. ಅರ್ಧ ಗಂಟೆ ಹೊರಗೆ ಬೀದಿಯುದ್ದಕ್ಕೂ ಇರುವ ಕಮಾನುಗಳ ಕೆಳಗೆ ಓಡಾಡಿ ಬನ್ನಿ ಎಂದು ಕಳಿಸಿದರು. ವಾಪಸು ಬಂದಾಗ ನಾನೇ ಮಂಡಿಯೂರಿ ಬೂಟು, ಕಾಲುಚೀಲ ತೆಗೆದೆ. ಬೆರಳು ತೆಗೆದ ಜಾಗದ ಪಕ್ಕದಲ್ಲಿ ಬಟಾಣಿಯಷ್ಟು ಕೆಂಪು ಎದ್ದಿತ್ತು. ಮೇಸ್ತ್ರಿ ಎಡಗೈ ಹೆಬ್ಬೆರಳಿನಿಂದ ಅದನ್ನು ಒತ್ತಿ ಬಿಟ್ಟರು. ಕೆಂಪು ಮಾಸಲಿಲ್ಲ.

"ನೋವಾಗ್ತಿದೆಯಾ, ವಕೀಲರೇ?"

"ಇಲ್ಲಪ್ಪ, ಏನೂ ಇಲ್ಲ."

ಮೇಸ್ತ್ರಿ ಆ ಬೂಟನ್ನು ಅವರ ಕೈಗೆ ಸಿಗದಂತೆ ಪಕ್ಕಕ್ಕೆ ಸರಿಸಿದರು.

ಅವರನ್ನು ಡಾಕ್ಟರ ಬಳಿಗೆ ಕಳಿಸಿದ ಮೇಲೆ ಗಾಷ್ಪಾರ್ ಸಿಡಿದ. ಅವನ ಜೊತೆ ಗಡಿ ದಾಟಿದ ಗೆಳೆಯ ತೆಳ್ಳನೆಯ ಪೇಟೆ ಬೂಟು ಹಾಕಿದ್ದನಂತೆ. ಆಸ್ಟ್ರಿಯಾ ಮುಟ್ಟುವ ಹೊತ್ತಿಗೆ ಅವನ ಬೆರಳುಗಳು ಕಪ್ಪಾಗಿದ್ದವಂತೆ. ತನ್ನ ಕಾಲು ಉಳಿಸಿದ್ದು ದಪ್ಪ ಅಟ್ಟೆ, ಅದನ್ನೇ ಇವರಿಗೂ ಕೊಟ್ಟೆ, ಅದರಲ್ಲಿ ತಪ್ಪೇನು ಎಂದು ಕೇಳಿದ.

ನಾನೆಂದೆ, "ನೀನು ಗಡಿ ದಾಟಬೇಕಿತ್ತು ಕಣಪ್ಪಾ. ಅವರು ಕಲ್ಲಿನ ನೆಲದ ಮೇಲೆ ನಾಲ್ಕು ಗಂಟೆ ನಿಲ್ಬೇಕು. ನಿನ್ನ ಬೂಟು ಹದಕ್ಕೆ ಬರೋಕೆ ಹದಿನೈದು ದಿನ ಬೇಕು. ಅಲ್ಲೀವರೆಗೆ ಕಾಲು ನೋಯುತ್ತೆ, ನೋಯೋದರಿಂದ್ಲೇ ನಾವು ಎಚ್ಚರ ಆಗ್ತೀವಿ. ಅವರಿಗೆ ನೋವೇ ಇಲ್ವಲ್ಲ."

ಅವನು ಬೂಟಿನೊಳಗೆ ಕೈಹಾಕಿ, ವಕೀಲರ ಬೆರಳು ಹೋದ ಜಾಗ ಕೂರುವಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಅದನ್ನು ಕಪಾಟಿನೊಳಗಿಟ್ಟು, ಚೀಲ ಹೊಲಿದುಕೊಡಿ ಎಂದ.

ಕೆಂಪು ಸಂಜೆಗೆ ಇಳಿಯಿತೆಂದು ಡಾಕ್ಟರಿಂದ ಸುದ್ದಿ ಬಂತು. ಚೀಲದ ಹೊಲಿಗೆ ಗಾಯದ ಕಡೆ ಬರದಂತೆ ಪಾದದ ಒಳಮಗ್ಗುಲಿಗೆ ತಂದೆ. ಶುಕ್ರವಾರ ಮುಗಿಸಿ ಕೊಟ್ಟೆ. ಶನಿವಾರ ಬೆಳಿಗ್ಗೆ ಗಾಷ್ಪಾರ್ ಅದನ್ನು ಅಚ್ಚಿಗೆ ಏರಿಸುವಾಗ ತನ್ನ ಅಭ್ಯಾಸದಂತೆ ಇಕ್ಕಳ ಹಾಕಿ ಜಗ್ಗಿದ. ಚರ್ ಎಂದಿತು. ಬೂಟಿನ ಮುಂತುದಿಯಲ್ಲಿ ಚರ್ಮ ಹರಿದಿತ್ತು.

ಅಷ್ಟು ಮೆತ್ತನೆಯ ಕರುವಿನ ಚರ್ಮ ಅಂಗಡಿಯಲ್ಲಿ ಇನ್ನೊಂದೇ ತುಂಡು ಉಳಿದಿತ್ತು. ಮತ್ತೆ ಕತ್ತರಿಸಿದೆ, ಹೊಲಿದೆ. ಈ ಸಲ ಮೇಸ್ತ್ರಿ ಗಾಷ್ಪಾರನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು.

"ಜಗ್ಗಬೇಡ. ಒದ್ದೆ ಮಾಡು. ಈಗ ಅಂಗೈಯಿಂದ ಮೆಲ್ಲಗೆ ಸವರು. ಸವರಿ ಬಿಟ್ಟುಬಿಡು, ಅದು ತಾನಾಗೇ ಬರುತ್ತೆ."

ಗಾಷ್ಪಾರ್ ಇಕ್ಕಳ ಬದಿಗಿಟ್ಟು ಸವರಿದ. ಚರ್ಮ ಇಷ್ಟಿಷ್ಟೇ ಜಾರಿ ಅಚ್ಚಿನ ಮೇಲೆ ಕೂತಿತು. ಮಧ್ಯಾಹ್ನದ ಊಟಕ್ಕೂ ಯಾರೂ ಏಳಲಿಲ್ಲ. ಅಟ್ಟೆ ಹೊಲಿದ ಮೇಲೆ ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿ ಮೂಲೆ ಮೂಲೆ ತಡವಿದೆ. ಎಲ್ಲೂ ಏನೂ ಬೆರಳಿಗೆ ತಾಗಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ವಕೀಲರು ಅರ್ಧ ಗಂಟೆ ನಡೆದರು. ಪಾದ ಎಲ್ಲೂ ಕೆಂಪಾಗಿರಲಿಲ್ಲ. ಆದರೆ ನಾಲ್ಕು ಗಂಟೆ ನಿಂತರೆ ಏನಾದೀತೆಂದು ಯಾರಿಗೆ ಗೊತ್ತು?

ಸೋಮವಾರ ನಾನೂ ಗಾಷ್ಪಾರನೂ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮುಂದೆ ಏಳು ಜನ ಕಪ್ಪುಬಟ್ಟೆಯ ಹೆಂಗಸರು. ಫೆರಿಯಾನಿಯವರ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ಅವರು ಎಡಗಾಲಿನ ಮೇಲೆ ಭಾರ ಹಾಕಿದಾಗಲೆಲ್ಲ ಗಾಷ್ಪಾರ್ ನನ್ನ ತೋಳು ಹಿಡಿಯುತ್ತಿದ್ದ.

ಮುಗಿದ ಮೇಲೆ, ಕೋರ್ಟಿಗೇ ಬಂದಿದ್ದ ಡಾಕ್ಟರು ಅವರನ್ನು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ ಕಾಲುಚೀಲ ತೆಗೆದರು. ಕನ್ನಡಕ ಹಾಕಿಕೊಂಡರು. ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು, ಒತ್ತಿದರು, ಮತ್ತೆ ಒತ್ತಿದರು.

"ಎಲ್ಲೂ ಏನೂ ಆಗಿಲ್ಲ" ಎಂದರು.

ಗಾಷ್ಪಾರ್ ಅಲ್ಲೇ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಜೂನಿನಲ್ಲಿ ತೀರ್ಪು ಆ ಹೆಂಗಸರ ಕಡೆ ಆಯಿತು. ಮೇಸ್ತ್ರಿಯ ಕೈ ಮೊದಲಿನಂತಾಗಲಿಲ್ಲ. ಅಚ್ಚು ಕೆತ್ತುವುದನ್ನೂ ಗಾಷ್ಪಾರನೇ ಕಲಿತ. ಫೆರಿಯಾನಿ ಮತ್ತೆ ಆರು ವರ್ಷ ಎರಡೂ ಕಾಲಿನ ಮೇಲೆ ನಿಂತು ವಾದ ಮಾಡಿದರು.