ನಾನು ಹಸಿರು ಮಾಡಿದ ಬಾವಿ

ನಾನು ಒಂದು ಪ್ಲಾಸ್ಟಿಕ್ ಪೈಪು. ಉದ್ದ ಹತ್ತು ಅಡಿ, ಮಾತು ಅದಕ್ಕಿಂತ ಉದ್ದ. ಹುಬ್ಬಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಬಿಸಿಬಿಸಿಯಾಗಿ ಹುಟ್ಟಿದೆ. ಕುಡಿಯುವ ನೀರು ಹೊರುವ ಕನಸಿತ್ತು. ಸಿಕ್ಕಿದ್ದು ಮಡಿವಾಳೆಪ್ಪನ ನರ್ಸರಿಯಲ್ಲಿ ಗಲೀಜು ನೀರು ಸಾಗಿಸುವ ಕೆಲಸ. ಹಣೆಬರಹ, ಏನು ಮಾಡೋದು!

ಮಡಿವಾಳೆಪ್ಪ ಕೆಟ್ಟವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಗುಲಾಬಿ, ದಾಸವಾಳಗಳನ್ನು ಹೆತ್ತ ಮಕ್ಕಳಂತೆ ಸಾಕುತ್ತಿದ್ದ. ಆದರೆ ಕೈ ಬಲು ಧಾರಾಳ. ಗೊಬ್ಬರ ಒಂದು ಹಿಡಿ ಸಾಕೆಂದರೆ, "ಇನ್ನೊಂದು ಹಿಡಿ ಉಣ್ಣಲಿ ಬಿಡ್ರಿ" ಎಂದು ಸುರಿಯುತ್ತಿದ್ದ. ಮೇಲೆ ದಿನಕ್ಕೆರಡು ಸಲ ನೀರು. ಕುಂಡಗಳಿಗೆ ಹೊಟ್ಟೆ ತುಂಬಿ ಉಳಿದಿದ್ದೆಲ್ಲ, ಗೊಬ್ಬರ ಸಮೇತ, ನನ್ನ ಪಾಲಿಗೆ. ನಾನದನ್ನು ಗಟಾರಕ್ಕೆ ಉಗುಳುತ್ತಿದ್ದೆ. ಅದು ಇಳಿದು ಹೋಗಿ ಕೆಳಗಿನ ಓಣಿಯ ಬಾವಿಯ ಪಕ್ಕ ಇಂಗುತ್ತಿತ್ತು.

ಗಟಾರದ ಕಲ್ಲಿಗೆಲ್ಲ ಪಾಚಿ ಹಿಡಿಯಿತು. ಮಡಿವಾಳೆಪ್ಪ ಮೀಸೆ ತಿರುವಿದ. "ನೋಡ್ರಿ, ನಮ್ಮ ನೀರು ಹರದಲ್ಲಿ ಕಲ್ಲೂ ಚಿಗೀತೈತಿ!" ಹಸಿರು ಕಂಡರೆ ಹಿಗ್ಗುವುದು ಗಿಡ ಬೆಳೆಸುವವರ ಹುಟ್ಟುಗುಣ. ಅದು ನಾನುಗುಳಿದ ಗೊಬ್ಬರದ ಹಸಿರೆಂದು ನನಗೆ ಗೊತ್ತಿತ್ತು. ನಿಮ್ಮೊಡನೆ ಇಷ್ಟು ಹರಟುವ ನನಗೆ ಅವನೆದುರು ಮಾತೇ ಹೊರಡದು.

ಒಂದು ಬೆಳಿಗ್ಗೆ ಕೆಳಗಿನ ಓಣಿಯ ಫಕೀರವ್ವ ಬಾವಿ ನೀರಿನ ಕೊಡ ಹೊತ್ತು, ಗಟಾರದ ಗುಂಟ ಹತ್ತಿ ನನ್ನ ಬಾಯಿ ತನಕ ಬಂದಳು. ಬಾವಿ ನೀರು ಕೆಟ್ಟಿದೆಯೆಂದು ಅಧಿಕಾರಿಗಳು ಕಟ್ಟೆಗೆ ಕೆಂಪು ಗುರುತು ಹಾಕಿದ್ದರಂತೆ. ಮಳೆಗಾಲ ಮುಗಿಯುವುದರೊಳಗೆ ಸರಿಹೋಗದಿದ್ದರೆ ಬಾವಿ ಮುಚ್ಚುತ್ತಾರಂತೆ. ನಲವತ್ತು ಮನೆಗಳಿಗೆ ಇದ್ದದ್ದು ಅದೊಂದೇ ಬಾವಿ.

ಮಡಿವಾಳೆಪ್ಪ ಕೊಡದೊಳಗೆ ಇಣುಕಿದ. "ಎಷ್ಟ್ ಚೊಲೋ ಹಸರ ಬಂದೈತಲ್ಲವ್ವಾ!"

"ಚೊಲೋ ಐತೇನು? ಹಂಗಾರ ಒಂದ್ ಗುಟುಕು ಕುಡಿ" ಎಂದಳು ಫಕೀರವ್ವ.

ಅವನು ಬೊಗಸೆಯೊಡ್ಡಿದ. ಮೂಗಿನ ಹತ್ತಿರ ತಂದವನೇ ಮುಖ ಕಿವುಚಿದ. ಗಟಾರ ನೋಡಿದ, ಆಮೇಲೆ ನನ್ನನ್ನು ನೋಡಿದ. ಬೆರಳ ಸಂದಿನಿಂದ ನೀರೆಲ್ಲ ಸೋರಿಹೋಯಿತು. "ತಪ್ಪಾತವ್ವ" ಎಂದ. ನನಗೂ ನೆಲದೊಳಗೆ ಹುದುಗಬೇಕೆನಿಸಿತು.

ಮರುದಿನವೇ ನನ್ನ ಬಾಯಿ ಗಟಾರದಿಂದ ಹೊಸ ತೊಟ್ಟಿಯ ಕಡೆ ತಿರುಗಿತು. ತೊಟ್ಟಿಯಲ್ಲಿ ಮರಳು, ಜಲ್ಲಿ, ಮೇಲೆ ಕೊಳೆ ಹೀರುವ ಕಾಬಾಳೆ ಗಿಡ. ಅಲ್ಲಿ ಸೋಸಿದ ನೀರು ಮತ್ತೆ ಕುಂಡಗಳಿಗೇ. ಗೊಬ್ಬರ ಅಳೆಯಲು ಹಿಡಿಯ ಬದಲು ಚಮಚ ಬಂತು. ಓಣಿಯವರು ಬಾವಿಯ ಕೆಸರೆತ್ತಿದರು. ಮಡಿವಾಳೆಪ್ಪನೂ ಬುಟ್ಟಿ ಹೊತ್ತ. ಮಳೆ ಸುರಿದು ಹೊಸ ನೀರು ಬಂತು. ಪರೀಕ್ಷೆಯಲ್ಲಿ ನೀರು ಪಾಸಾದ ದಿನ ಫಕೀರವ್ವ ಆ ಕೆಂಪು ಗುರುತಿನ ಮೇಲೆ ಸುಣ್ಣ ಬಳಿದಳಂತೆ. ಉಸ್ಸಪ್ಪಾ! ಸುದ್ದಿ ಕೇಳಿ ಎಷ್ಟೋ ದಿನಗಳ ಮೇಲೆ ನಿರಾಳವಾದೆ.

ಈಗ ನಾನು ಮುದುಕ. ಬಿಸಿಲಿಗೆ ಬಿರುಕುಬಿಟ್ಟು ಗುಜರಿಗೆ ಹೊರಟಿದ್ದೆ. ಫಕೀರವ್ವ ಬಿಡಲಿಲ್ಲ. ಉದ್ದಕ್ಕೆ ಸೀಳಿಸಿ, ತೆರೆದ ಬದಿ ಮೇಲಾಗಿ ಕಾಲುವೆಯಂತೆ ಬಾವಿಕಟ್ಟೆಯ ಪಕ್ಕ ಹೂಳಿಸಿದಳು. ಕಟ್ಟೆಯ ಮೇಲೆ ಚೆಲ್ಲಿದ ನೀರು ಮತ್ತೆ ಬಾವಿಗಿಳಿಯದಂತೆ ದೂರ ಸಾಗಿಸುವುದು ನನ್ನ ಕೆಲಸ. ಕೆಡಿಸಿದವನನ್ನೇ ಕಾವಲಿಗಿಟ್ಟಳು, ಘಾಟಿ ಮುದುಕಿ!

ನಿನ್ನೆ ಮಡಿವಾಳೆಪ್ಪ ಬಂದಿದ್ದ. ಫಕೀರವ್ವ ಕೊಡ ಬಗ್ಗಿಸಿದಳು. "ಆವತ್ತು ಒಂದ್ ಗುಟುಕು ಉಳದಿತ್ತಲ್ಲೋ."

ಅವನು ಬೊಗಸೆಯೊಡ್ಡಿ ಗಟಗಟನೆ ಕುಡಿದ. ಬೆರಳ ಸಂದಿನಿಂದ ಸೋರಿದ್ದು ನನ್ನ ಮೇಲೆ ಬಿತ್ತು. ತಣ್ಣಗಿತ್ತು. ಅದಕ್ಕೆ ಯಾವ ಬಣ್ಣವೂ ಇರಲಿಲ್ಲ.