ಬಳ್ಳಿ ಕತ್ತರಿಸಿದ ಹೊತ್ತು

ಕೊಪ್ಪದಲ್ಲಿ ಮಗಳು ಸೌಂದರ್ಯಾ ಸಾಲ ಮಾಡಿ ಸ್ಟಿಕ್ಕರ್ ಕತ್ತರಿಸುವ ಮಷೀನು ಹಾಕಿದ್ದಳು. ಅದೇ ಅಂಗಡಿಯ ಮೂಲೆಯಲ್ಲಿ ನಾನು ರವಿಕೆ ಹೊಲಿಯುತ್ತಿದ್ದೆ. ದೊಡ್ಡ ಅಕ್ಷರವಿರಲಿ, ಸಣ್ಣ ಚಿತ್ರವಿರಲಿ, ಅವಳು ಸ್ಟಿಕ್ಕರ್ ಹಾಳೆಯನ್ನು ಅಡಿ ಲೆಕ್ಕದಲ್ಲಿ ಅಳೆದು ಅಷ್ಟಕ್ಕೇ ದುಡ್ಡು ಪಡೆಯುತ್ತಿದ್ದಳು.

ಬಸರೀಕಟ್ಟೆಯ ರಾಕೇಶ ತನ್ನ ಜೀಪಿಗೆ ಕಾಳುಮೆಣಸಿನ ಬಳ್ಳಿಯ ಸ್ಟಿಕ್ಕರ್ ಬೇಕೆಂದ. ಹಾಳೆ ಹಿಡಿದದ್ದು ಸ್ವಲ್ಪವೇ. ಎಲೆಯ ಒಂದೊಂದು ನರವನ್ನೂ ಕತ್ತರಿಸುತ್ತ ಮಷೀನು ಮಧ್ಯಾಹ್ನವೆಲ್ಲ ಓಡಿತು. ದೊಡ್ಡ ಬೋರ್ಡು ಬರೆಸಲು ಬಂದವರು ಕಾದು ಬೇಸತ್ತು ಶೃಂಗೇರಿಗೆ ಹೋದರು. ಆಮೇಲೆ ಜೀಪಿನವರೆಲ್ಲ ಬಳ್ಳಿಯನ್ನೇ ಕೇಳತೊಡಗಿದರು. ಕೈತುಂಬ ಕೆಲಸವಿದ್ದರೂ ಕಂತು ಕಟ್ಟಲಾಗಲಿಲ್ಲ.

ರಾಕೇಶ ಮತ್ತೆ ಬಂದ. "ಅಣ್ಣನ ಜೀಪಿಗೂ ಒಂದು ಬಳ್ಳಿ ಬೇಕು ಮಾರಾಯ್ತಿ."

"ಇದೇ ಕೊನೇದು ರಾಕೇಶಣ್ಣ. ಮಷೀನು ಮಾರಿಬಿಟ್ಟೆ, ನಾಳೆ ಎನ್.ಆರ್.ಪುರದವರಿಗೆ ಹೋಗ್ತದೆ. ಹಾಳೆಗೆ ಮಾತ್ರ ದುಡ್ಡು ತಗೊಂಡೆ, ಮಷೀನು ಓಡಿದಷ್ಟು ಹೊತ್ತಿಗೆ ತಗೊಳ್ಳಲೇ ಇಲ್ಲ."

"ಅಯ್ಯೋ, ಕೇಳಿದ್ರೆ ಕೊಡ್ತಿರ್ಲಿಲ್ವಾ? ನಿಮ್ಮಮ್ಮ ಏನು ಬಟ್ಟೆ ಅಳೆದು ಕೂಲಿ ಕೇಳ್ತಾರಾ?"

ನನ್ನ ಕೈ ಸೂಜಿಯ ಮೇಲೆಯೇ ನಿಂತಿತು. ಕುಸುರಿ ಹೆಚ್ಚಿದ್ದ ರವಿಕೆಗೆ ನಾನು ಹೆಚ್ಚು ಕೂಲಿ ಕೇಳುತ್ತಿದ್ದೆ. ಪಕ್ಕದಲ್ಲೇ ಕೂತಿದ್ದ ಮಗಳಿಗೆ ಅದನ್ನು ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಸೌಂದರ್ಯಾ ಹಾಳೆ ಸೇರಿಸಿ ಮಷೀನು ಚಾಲೂ ಮಾಡಿದಳು. ಆಮೇಲೆ, ಮೊದಲ ಸಲ, ಗೋಡೆಯ ಗಡಿಯಾರ ನೋಡಿದಳು.